ಜೋಡಿಯ ಎರಡನೆಯ ಹಾಡು

ಕೌಕೊ ಹಿರ್ವಿಲಾನ ಮೇಲಿನ ಎರಡು ಮುಂದಿನ ಹಲ್ಲುಗಳು ಅಲ್ಲಾಡುತ್ತಿದ್ದವು.

"ಕೀಳ್ಸೋದೇ ವಾಸಿ," ಅಂದಳು ಹಲ್ಲಿನ ಡಾಕ್ಟರು. "ಆಗಸ್ಟಲ್ಲಿ ಬನ್ನಿ. ಕಟ್ಟಿಸಿದ ಹಲ್ಲು ಹಾಕಿಕೊಡ್ತೀನಿ. ಆರಾಮಾಗಿ ಸೇಬು ಕಚ್ಚಬಹುದು."

"ನಾನು ಸೇಬು ತಿನ್ನಲ್ಲ. ಸ್ಯಾಕ್ಸೊಫೋನ್ ಊದ್ತೀನಿ."

"ಅದನ್ನ ಬೇಕಾದ್ರೆ ಹೊಸದಾಗಿ ಕಲೀಬಹುದು."

"ನಂಗೆ ಅರವತ್ತೆರಡು."

ಡಾಕ್ಟರು ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. "ಹಾಗಾದ್ರೆ ಸೇಬು ತಿನ್ನಿ," ಅಂದಳು.

ಸ್ಯಾಕ್ಸೊಫೋನಿನ ಮೂತಿ ನಿಲ್ಲುವುದೇ ಮೇಲಿನ ಹಲ್ಲಿನ ಆಸರೆಯಲ್ಲಿ. ಹಲ್ಲು ಅಲ್ಲಾಡಿದರೆ ಸ್ವರ ಅಲ್ಲಾಡುತ್ತದೆ. ಮೇಲಿನ ಸ್ವರಗಳಿಗಂತೂ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ಆ ವರ್ಷ ವಸಂತದಿಂದಲೇ ಕೌಕೊ ತನ್ನ ಬಾಯಿಯನ್ನು ಬಡವನ ಮನೆಯ ಎಣ್ಣೆಯ ಹಾಗೆ ಅಳೆದು ಬಳಸುತ್ತಿದ್ದ. ಒಂದಿಷ್ಟು ಹೊತ್ತು ಊದಿದರೆ ನೋವು ಮೂಗಿನವರೆಗೆ ಏರುತ್ತಿತ್ತು, ಆಮೇಲೆ ರಕ್ತ. ಅಷ್ಟರೊಳಗೆ ಏನು ನುಡಿಸಬೇಕೋ ನುಡಿಸಿ ಮುಗಿಸಬೇಕು.

ಅವನಿಗೆ ನುಡಿಸಲು ಉಳಿದಿದ್ದದ್ದು ಒಂದೇ. ಹುಟ್ಟೂರು ಹಾಪಲಂಪಿಯ ಯುವಕ ಸಂಘದವರು ತಮ್ಮ ಕುಣಿತದ ಕಟ್ಟೆಯ ವಾರ್ಷಿಕೋತ್ಸವಕ್ಕೆ ಒಂದು ಕೃತಿ ಬರೆದುಕೊಡು ಎಂದು ಕೇಳಿದ್ದರು. ಯುವಕ ಸಂಘವೆಂದರೆ ಹೆಸರಿಗೆ ಯುವಕರು, ಇದ್ದವರೆಲ್ಲ ಮೊಣಕಾಲು ನೋವಿನವರು. ಕೌಕೊ ಐದು ಭಾಗಗಳ ಕೃತಿ ಬರೆದ. ಕೊನೆಯ ಭಾಗ ಸ್ಯಾಕ್ಸೊಫೋನು ಒಂದೇ, ಜೊತೆಗೆ ಯಾರೂ ಇಲ್ಲ, ಪೂರ್ತಿ ಮೇಲಿನ ಸ್ವರಗಳಲ್ಲಿ. ಇಷ್ಟು ವರ್ಷ ಊದಿದ್ದೆಲ್ಲ ಅಲ್ಲಿಗೆ ತಲುಪಲೆಂದೇ ಎಂದು ಅವನಿಗೆ ಅನ್ನಿಸಿತ್ತು. ರೇಡಿಯೊದವರು ಬಂದು ರೆಕಾರ್ಡ್ ಮಾಡಿಕೊಳ್ಳುತ್ತೇವೆ ಎಂದರು. ಆಗಸ್ಟಿನ ನಂತರ ಹಲ್ಲಿಲ್ಲ. ಅಂದರೆ ಜೂನಿನ ಆ ಸಂಜೆ ಆ ಭಾಗ ಟೇಪಿಗೆ ಹತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವನ ವೃತ್ತಿಯ ಬಗ್ಗೆ ಹೇಳಲು ಬಹಳವಿಲ್ಲ. ಹದಿನೈದಕ್ಕೆ ಹಾಪಲಂಪಿಯ ಕಟ್ಟೆಯಲ್ಲಿ ಕುಣಿತದ ವಾದ್ಯದವರ ಜೊತೆ ಊದಲು ಶುರು ಮಾಡಿದ. ಇಪ್ಪತ್ತಕ್ಕೆ ಹೆಲ್ಸಿಂಕಿಗೆ ಓಡಿದ. ಜಾಜ್ ನುಡಿಸಿದ, ಬರೆದ. ಕೆಲವು ರೆಕಾರ್ಡುಗಳು ಬಂದವು, ಕೇಳುವವರು ಕೇಳಿದರು. ಸ್ಟಾಕ್‌ಹೋಮಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ಹೊಗಳಿಸಿಕೊಂಡ. ಹೊರದೇಶದ ಪತ್ರಿಕೆಯವರು ಫಿನ್ಲೆಂಡಿನವನು ಏನು ಊದಿದರೂ ಅದರಲ್ಲಿ ಹೆಪ್ಪುಗಟ್ಟಿದ ಕೆರೆಯನ್ನೇ ಕೇಳಿಸಿಕೊಳ್ಳುತ್ತಿದ್ದರು. ಒಮ್ಮೆ ಅವನು ನೆಗಡಿಯಾಗಿ ಮೂಗು ಕಟ್ಟಿದ್ದಾಗ ನುಡಿಸಿದ್ದಕ್ಕೂ ಹಾಗೇ ಬರೆದಿದ್ದರು. ಮದುವೆಯಾಯಿತು, ಮುರಿಯಿತು. ಮಕ್ಕಳಿಲ್ಲ. ಈಗ ತಾಂಪೆರೆಯಲ್ಲಿ ಒಂದು ಕೋಣೆಯ ಮನೆ. ನೆರೆಯವರಿಗೆ ತೊಂದರೆ ಬೇಡವೆಂದು ಕಟ್ಟಡದ ನೆಲದಡಿಯ ಬಾಂಬ್ ಆಸರೆ ಕೋಣೆಯಲ್ಲಿ ಅಭ್ಯಾಸ. ಸುತ್ತ ಎಲ್ಲರ ಹಳೇ ಸ್ಕೀ, ತಳ್ಳುಗಾಡಿ, ಸೈಕಲ್ಲು. ಕಬ್ಬಿಣದ ಬಾಗಿಲು ಹಾಕಿಕೊಂಡರೆ ಪ್ರಪಂಚ ಮುಳುಗಿದರೂ ಗೊತ್ತಾಗುವುದಿಲ್ಲ. ಗುರುವಾರ ಸಂಜೆ ಕಟ್ಟಡದ ಹಬೆ ಸ್ನಾನದ ಕೋಣೆ, ಸೌನಾದಲ್ಲಿ ಅವನ ಪಾಳಿ. ಅವನಿಗಿಂತ ಮುಂಚಿನ ಪಾಳಿಯ ಮನುಷ್ಯ ಹೊರಗೆ ಬರುತ್ತ "ಹಬೆ ಚೆನ್ನಾಗಿದೆ" ಅನ್ನುತ್ತಿದ್ದ. ಕೌಕೊ "ಹೂಂ" ಅನ್ನುತ್ತಿದ್ದ. ಎಷ್ಟೋ ವಾರಗಳಲ್ಲಿ ಅವನ ಬಾಯಿಂದ ಬಂದ ಮಾತು ಅಷ್ಟೇ.

ಅಣ್ಣನೊಬ್ಬನಿದ್ದ, ಟಾವಿ. ಹಾಪಲಂಪಿಯಲ್ಲೇ ತಂದೆಯ ಹೊಲ, ಹಸು ನೋಡಿಕೊಂಡಿದ್ದ. ಕೌಕೊ ಕಟ್ಟೆಯ ಮೇಲೆ ಊದುತ್ತಿದ್ದ ಕಾಲದಲ್ಲಿ ಟಾವಿ ಕೆಳಗೆ ಕುಣಿಯುತ್ತಿದ್ದ. ಊರಿನಲ್ಲಿ ಅವನಷ್ಟು ಚೆನ್ನಾಗಿ ಟ್ಯಾಂಗೋ ಕುಣಿಯುವವನು ಇನ್ನೊಬ್ಬನಿರಲಿಲ್ಲ. ಹಿರ್ವಿಲಾ ಮನೆಯಲ್ಲಿ ಒಬ್ಬನದು ಬಾಯಿ, ಒಬ್ಬನದು ಕಾಲು ಎಂದು ಜನ ಆಡಿಕೊಳ್ಳುತ್ತಿದ್ದರು. ಆಮೇಲೆ ಕೌಕೊ ಹೆಲ್ಸಿಂಕಿಯ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟ. "ಕಿವಿಗೆ ಬೇಕಾದ ಸಂಗೀತ ಬೇರೆ, ಕಾಲಿಗೆ ಬೇಕಾದದ್ದು ಬೇರೆ. ನಾನು ಕಾಲುಗಳಿಗಾಗಿ ನುಡಿಸುವವನಲ್ಲ" ಎಂದಿದ್ದ. ಪತ್ರಿಕೆ ಹಾಪಲಂಪಿಗೂ ಬರುತ್ತಿತ್ತು. ಹಾಲಿನ ಡೈರಿಯಲ್ಲಿ ಯಾರೋ ಟಾವಿಗೆ, "ನಿನ್ನ ತಮ್ಮ ಪೇಪರಲ್ಲಿ ನಿನ್ನ ಕಾಲಿನ ಬಗ್ಗೆ ಹೇಳಿದ್ದಾನಲ್ಲೋ," ಅಂದರಂತೆ. ಟಾವಿ ಏನೂ ಹೇಳಲಿಲ್ಲ. ಅಂದಿನಿಂದ ಹೇಳಲೇ ಇಲ್ಲ. ತಾಯಿಯ ಮಣ್ಣಿಗೆ ಹೋದಾಗ ಆ ವರ್ಷದ ಆಲೂಗಡ್ಡೆಯ ಬಗ್ಗೆ ಮಾತ್ರ ಮಾತಾಡಿದ್ದರು. ಹೋದ ಚಳಿಗಾಲದ ಹಿಂದಿನ ಚಳಿಗಾಲ ಟಾವಿಯ ಹೆಂಡತಿ ತೀರಿಕೊಂಡಾಗ ಕೌಕೊ ಕೋಪನ್‌ಹೇಗನ್ನಿನಲ್ಲಿದ್ದ. ಹೂವು ಕಳಿಸಿದ.

ಜೂನಿನಲ್ಲಿ ಸೀರಿಯ ಹಳೇ ವ್ಯಾನಿನಲ್ಲಿ ಹೊರಟರು. ಸೀರಿ ಮೂವತ್ತರ ಹೆಲ್ಸಿಂಕಿ ಹುಡುಗಿ, ಆಳೆತ್ತರದ ಬಾಸ್ ಪಿಟೀಲು ನುಡಿಸುವವಳು. ಕೃತಿಗೆ ಇದ್ದವರು ಅವರಿಬ್ಬರೇ.

"ಗುರುವೇ, ಒಂದು ಮಾತು ಹೇಳ್ಲಾ?" ಅಂದಳು ಸ್ಟೇರಿಂಗ್ ಹಿಡಿದು. "ಸಿಟ್ಟು ಮಾಡ್ಕೋಬಾರದು."

"ಹೇಳು, ಮಾಡ್ಕೋತೀನಿ."

"ನಿನ್ನ ಮೊದಲನೇ ಭಾಗ ಇದೆಯಲ್ಲ, ಅದು ಟ್ಯಾಂಗೋ."

"ಅಲ್ಲ."

"ತಾಳ ಅದೇ, ನಡಿಗೆ ಅದೇ. ನನ್ನ ಅಜ್ಜಿ ಕೇಳಿದ್ರೆ ಎದ್ದು ನಿಂತ್ಕೋತಾಳೆ."

"ಅದು ಹಿಮ ಕರಗೋದು. ಮೇಲೇ ಬರೆದಿದೆ."

"ಬರೆದಿದೆ, ನೋಡ್ದೆ. ಹಿಮ ಟ್ಯಾಂಗೋ ಮಾಡ್ಕೊಂಡು ಕರಗ್ತಾ ಇದೆ."

ಹಾಪಲಂಪಿ ಬರುವ ತನಕ ಕೌಕೊ ಕಿಟಕಿಯಾಚೆ ನೋಡುತ್ತ ಕುಳಿತ.

ಕಟ್ಟೆ ಮೊದಲಿದ್ದ ಹಾಗೇ ಇತ್ತು. ಕೆರೆಯ ದಂಡೆಯಲ್ಲಿ ಮರದ ಹಲಗೆಯ ದೊಡ್ಡ ನೆಲ, ಮೇಲೆ ಮಾಡು, ಒಂದು ಬದಿಗೆ ವಾದ್ಯದವರ ವೇದಿಕೆ, ಬಾಗಿಲಲ್ಲಿ ಟಿಕೆಟ್ಟಿನ ಗೂಡು. ಸಾಸೇಜು ಸುಡುವ ಹೊಗೆ, ಸೊಳ್ಳೆ. ಸಂಘದ ಅಧ್ಯಕ್ಷೆ ಕ್ಯುಲ್ಲಿಕ್ಕಿ ಕಾಫಿಯ ದೊಡ್ಡ ಕೆಟಲು ಹಿಡಿದು ಬಂದಳು. ಕೌಕೊನ ಶಾಲೆಯಲ್ಲೇ ಓದಿದವಳು.

"ಕುರ್ಚಿಗಳೆಲ್ಲಿ?" ಕೌಕೊ ಕೇಳಿದ. ನೆಲದ ತುಂಬ ಸಾಲು ಕುರ್ಚಿ ಹಾಕಿಸಬೇಕು ಎಂದು ಅವನು ಎರಡು ಸಲ ಫೋನು ಮಾಡಿ ಹೇಳಿದ್ದ.

"ಮೇ ತಿಂಗಳಲ್ಲಿ ನೆಲಕ್ಕೆ ವಾರ್ನಿಷ್ ಹೊಡೆಸಿದೀವಿ. ಕುರ್ಚಿ ಕಾಲು ಗೀರಿದ್ರೆ ನಿನ್ನ ತಲೆ ಇಡೋಕೆ ಆಗುತ್ತಾ ಅಲ್ಲಿ?"

"ಮತ್ತೆ ಜನ ಎಲ್ಲಿ ಕೂತ್ಕೋಬೇಕು?"

"ಎಲ್ಲಿ ಕೂರ್ತಿದ್ರೋ ಅಲ್ಲೇ. ಬೆಂಚಿದೆಯಲ್ಲ."

ಬೆಂಚುಗಳು ಗೋಡೆಗುಂಟ ಇದ್ದವು. ಒಂದು ಗೋಡೆಗೆ ಹೆಂಗಸರು, ಎದುರು ಗೋಡೆಗೆ ಗಂಡಸರು. ನಡುವೆ ಹೊಳೆಯುವ ಖಾಲಿ ನೆಲ. ಕೌಕೊನಿಗೆ ಆಗಲೇ ಅನುಮಾನ ಬಂತು. ಆದರೆ ಹಲ್ಲಿನ ನೋವಿಗೆ ಮಾತ್ರೆ ನುಂಗಿ ಆಗಿತ್ತು, ಜಗಳಕ್ಕೆ ಬಾಯಿ ಖರ್ಚು ಮಾಡುವ ಹಾಗಿರಲಿಲ್ಲ.

ರೇಡಿಯೊದ ವೆಸ ಟಿಕೆಟ್ಟಿನ ಗೂಡಿನೊಳಗೆ ಯಂತ್ರ ಇಟ್ಟುಕೊಂಡಿದ್ದ. "ಒಂದೇ ಓಟ," ಕೌಕೊ ಅವನಿಗೆ ಹೇಳಿದ. "ಇನ್ನೊಂದ್ಸಲ ನುಡಿಸು ಅಂದ್ರೆ ನನ್ನ ಕೈಲಾಗಲ್ಲ. ನಾನು ಕೈ ಎತ್ತಿದ್ರೆ ಟೇಪು ನಿಲ್ಲಿಸು. ಇಳಿಸಿದ್ರೆ ಶುರು ಮಾಡು."

"ಕೈ ಮೇಲಕ್ಕೆ, ನಿಲ್ಲು. ಕೈ ಕೆಳಕ್ಕೆ, ನಡಿ. ದನ ಕಾಯೋರ ಥರ," ಅಂದ ವೆಸ.

ಸಂಜೆಯಾಯಿತು. ಜೂನಿನಲ್ಲಿ ಸಂಜೆಯೆಂದರೂ ಬೆಳಕು ಕಣ್ಣಿಗೆ ಚುಚ್ಚುವಷ್ಟಿರುತ್ತದೆ. ಜನ ಬಂದರು, ಇಸ್ತ್ರಿ ಮಾಡಿದ ಅಂಗಿ, ಕುಣಿಯುವ ಬೂಟು. ಗಂಡಸರ ಬೆಂಚಿನ ಕೊನೆಯಲ್ಲಿ ಟಾವಿ ಕುಳಿತಿದ್ದ. ತೊಡೆಯ ಮೇಲೆ ಎರಡು ಕೈ, ಬೋಳು ತಲೆ, ತೆಳ್ಳಗಾಗಿದ್ದ. ವೇದಿಕೆಯ ಕಡೆ ನೋಡಿ ಗದ್ದ ಸ್ವಲ್ಪ ಅಲ್ಲಾಡಿಸಿದ. ಅದು ನಮಸ್ಕಾರ. ಕೌಕೊ ಕೂಡ ಗದ್ದ ಅಲ್ಲಾಡಿಸಿದ.

ಕೈ ಇಳಿಸಿ ಮೊದಲನೆಯ ಭಾಗ ಶುರು ಮಾಡಿದ. ಸೀರಿಯ ಬಾಸು ಕೆಳಗಿನಿಂದ ನಿಧಾನವಾಗಿ ನಡೆಯಿತು. ಮೇಲೆ ಕೌಕೊನ ಹಿಮ ಕರಗಿತು. ಅರ್ಧ ಪುಟವೂ ಮುಗಿದಿರಲಿಲ್ಲ, ಟಾವಿ ಎದ್ದ. ಅಂಗಿ ಕೆಳಗೆಳೆದುಕೊಂಡ. ಖಾಲಿ ನೆಲ ದಾಟಿ ಎದುರು ಬೆಂಚಿಗೆ ಹೋಗಿ ಕ್ಯುಲ್ಲಿಕ್ಕಿಯ ಮುಂದೆ ಸ್ವಲ್ಪ ಬಾಗಿದ. ಅವಳು ಕಾಫಿ ಬಟ್ಟಲು ಕೆಳಗಿಟ್ಟು ಎದ್ದಳು.

ಕೌಕೊ ಊದುತ್ತಲೇ ನೋಡಿದ. ಸೀರಿ ಪಕ್ಕದಿಂದ, "ನಾನೇನು ಹೇಳ್ದೆ," ಎಂದು ಪಿಸುಗುಟ್ಟಿದಳು.

ಇನ್ನೊಂದು ಜೋಡಿ ಎದ್ದಿತು, ಮತ್ತೊಂದು. ಹಿಮ ಕರಗಲು ಬರೆದದ್ದು ಅವರ ಕಾಲಿಗೆ ಸಿಕ್ಕಿ ಟ್ಯಾಂಗೋ ಆಗಿಹೋಯಿತು. ಅಥವಾ ಮೊದಲಿನಿಂದಲೂ ಅದೇ ಆಗಿತ್ತು. ಹದಿನೈದರಿಂದ ಇಪ್ಪತ್ತರವರೆಗೆ ವಾರವಾರ ಊದಿದ್ದು ನಲವತ್ತು ವರ್ಷ ಹೊಟ್ಟೆಯಲ್ಲಿ ಅಡಗಿ ಕೂತು, ಬೇರೆ ಅಂಗಿ ತೊಟ್ಟು ಹೊರಬಂದಿತ್ತು. ಟಾವಿ ಬೆನ್ನು ನೇರ ಇಟ್ಟುಕೊಂಡು, ಮುಖದಲ್ಲಿ ಏನೂ ಇಲ್ಲದೆ, ನೆಲಕ್ಕೆ ನೋವಾಗದ ಹಾಗೆ ಹೆಜ್ಜೆ ಇಡುತ್ತಿದ್ದ. ಹೆಂಡತಿ ಸತ್ತ ಮೇಲೆ ಅವನು ಕಟ್ಟೆಗೆ ಬಂದದ್ದೇ ಅದು ಮೊದಲ ಸಲ ಎಂದು ಕೌಕೊನಿಗೆ ಆಮೇಲೆ ಗೊತ್ತಾಯಿತು.

ಭಾಗ ಮುಗಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಜೋಡಿಗಳು ಎಲ್ಲಿದ್ದವೋ ಅಲ್ಲೇ ನಿಂತವು. ಕೈ ಬಿಟ್ಟು, ಅಕ್ಕಪಕ್ಕ, ಒಬ್ಬರ ಮುಖ ಒಬ್ಬರು ನೋಡದೆ. ಸೊಳ್ಳೆಯ ಸದ್ದು ಕೇಳಿಸುತ್ತಿತ್ತು.

"ಏನಾಯ್ತು ಇವ್ರಿಗೆ?" ಸೀರಿ ಕೇಳಿದಳು. "ಇಷ್ಟ ಆಗ್ಲಿಲ್ವಾ?"

"ಎರಡನೇದಕ್ಕೆ ಕಾಯ್ತಿದ್ದಾರೆ."

"ಎರಡನೇದು ಏನು?"

"ಹಾಡು ಯಾವಾಗ್ಲೂ ಎರಡು. ಜೋಡಿ."

ಅಲ್ಲಿ ಹುಟ್ಟಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಬ್ಬ ಹೆಂಗಸನ್ನು ಕರೆದರೆ ಎರಡು ಹಾಡು ಕುಣಿಯಬೇಕು. ಆಮೇಲೆ ಅವಳನ್ನು ಅವಳ ಬೆಂಚಿಗೆ ಬಿಟ್ಟು, ಥ್ಯಾಂಕ್ಸ್ ಹೇಳಿ ಬರಬೇಕು. ಒಂದೇ ಹಾಡಿಗೆ ತಂದು ಬಿಟ್ಟರೆ ಅವಳಿಗೆ ಬೆವರಿನ ವಾಸನೆ ಎಂದೋ, ಹೆಜ್ಜೆ ಬರುವುದಿಲ್ಲವೆಂದೋ ಊರಿಗೆ ಸಾರಿದ ಹಾಗೆ. ಅಷ್ಟು ಜನರೆದುರು ಹಾಗೆ ಮಾಡಿದವನು ಮುಂದಿನ ವಾರ ಕರೆದರೆ ಯಾವ ಹೆಂಗಸೂ ಏಳುವುದಿಲ್ಲ.

ಕೌಕೊನ ಕೃತಿಯ ಎರಡನೆಯ ಭಾಗದಲ್ಲಿ ತಾಳವೇ ಇರಲಿಲ್ಲ. ಚೂರುಚೂರಾದ, ಓಡುವ, ಥಟ್ಟನೆ ನಿಲ್ಲುವ ಸ್ವರಗಳು. ಆಡು ಕೂಡ ಅದಕ್ಕೆ ಕುಣಿಯಲಾರದು. ಅವನು ಅದನ್ನು ಶುರು ಮಾಡಿದರೆ ಟಾವಿ ಕ್ಯುಲ್ಲಿಕ್ಕಿಯನ್ನು ಕರೆದುಕೊಂಡು ಅಷ್ಟಗಲದ ನೆಲವನ್ನು ದಾಟಿ ವಾಪಸು ಹೋಗಬೇಕು.

ಟಾವಿ ವೇದಿಕೆಯ ಕಡೆ ನೋಡಲಿಲ್ಲ. ತನ್ನ ಬೂಟು ನೋಡುತ್ತಿದ್ದ. ಕುತ್ತಿಗೆ ಕೆಂಪಾಗುತ್ತಿತ್ತು.

ಕೌಕೊ ಲೆಕ್ಕ ಹಾಕಿದ. ಬಾಯಿ ಇರುವುದು ಐದು ಭಾಗಕ್ಕಾಗುವಷ್ಟು. ನಡುವೆ ಇನ್ನೊಂದು ಸೇರಿಸಿದರೆ ಕೊನೆಯದಕ್ಕೆ ಸಾಲುವುದಿಲ್ಲ. ಗೂಡಿನಲ್ಲಿ ವೆಸನ ಕೆಂಪು ದೀಪ ಉರಿಯುತ್ತಿತ್ತು. ಟೇಪು ಓಡುತ್ತಿತ್ತು.

"ಗುರುವೇ," ಸೀರಿ ಅಂದಳು, "ಬೇಡ. ನಿನ್ನ ಹಲ್ಲು ನಂಗೊತ್ತು."

ಕೌಕೊ ಕೈ ಎತ್ತಿದ. ಕೆಂಪು ದೀಪ ಆರಿತು.

"ಮೊದಲಿನ ನಡಿಗೆಯಲ್ಲೇ ಹೋಗು," ಸೀರಿಗೆ ಹೇಳಿದ. "ಎಲ್ಲಿಗೆ ಹೋಗ್ತೀನೋ ನಂಗೂ ಗೊತ್ತಿಲ್ಲ. ಹಿಂದೆ ಬಾ."

ಬರೆದದ್ದು ಏನೂ ಇರಲಿಲ್ಲ. ಟಾವಿಯ ಕಾಲು ನೋಡುತ್ತ ಊದಿದ. ಅವನು ತಿರುಗುವ ಮುಂಚೆ ಒಂದು ಕ್ಷಣ ತಡೆಯುತ್ತಾನೆ, ಅಲ್ಲಿ ಸ್ವರ ತಡೆದ. ಉದ್ದ ಹೆಜ್ಜೆ ಇಟ್ಟ ಕಡೆ ಉದ್ದ ಎಳೆದ. ಮೇಲಕ್ಕೆ ಹೋಗದೆ ಕೆಳಗಿನ, ದಪ್ಪ, ಹಳೇ ಸ್ವರಗಳಲ್ಲೇ ಓಡಾಡಿದ. ಅಲ್ಲೂ ಹಲ್ಲು ನೋಯುತ್ತಿತ್ತು. ಎಷ್ಟು ಹೊತ್ತು ಊದಿದನೋ ಗೊತ್ತಾಗಲಿಲ್ಲ. ಮುಗಿದಾಗ ಗಂಡಸರು ಹೆಂಗಸರನ್ನು ಬೆಂಚಿಗೆ ಬಿಟ್ಟರು, ಥ್ಯಾಂಕ್ಸ್ ಹೇಳಿದರು, ತಮ್ಮ ಗೋಡೆಗೆ ಹೋಗಿ ಕುಳಿತರು. ವೇದಿಕೆಗೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ವಾದ್ಯದವರಿಗೆ ಹೇಳುವ ಪದ್ಧತಿಯಿಲ್ಲ.

ಕೌಕೊ ಕೈ ಇಳಿಸಿದ. ದೀಪ ಹತ್ತಿತು. ಎರಡನೆಯ, ಮೂರನೆಯ, ನಾಲ್ಕನೆಯ ಭಾಗಗಳನ್ನು ಜನ ಬೆಂಚಿನಲ್ಲಿ ಕುಳಿತು ಕೇಳಿದರು, ಇಗರ್ಜಿಯಲ್ಲಿ ಕುಳಿತ ಹಾಗೆ. ಐದನೆಯದಕ್ಕೆ ಸೀರಿ ಬಾಸು ಒರಗಿಸಿ ಹಿಂದೆ ಸರಿದಳು. ಕೌಕೊ ಕಚ್ಚಿ ಹಿಡಿದು ಮೇಲಿನ ಮೊದಲ ಸ್ವರ ಹತ್ತಿದ. ಎರಡನೆಯದಕ್ಕೆ ಹಲ್ಲು ಪಕ್ಕಕ್ಕೆ ವಾಲಿತು. ಮೂರನೆಯ ಸ್ವರ ಬರಲಿಲ್ಲ. ಬರೀ ಗಾಳಿ, ಮತ್ತು ಉಪ್ಪುಪ್ಪು ರುಚಿ. ಮತ್ತೊಮ್ಮೆ ಊದಿದ. ಮುದಿ ಹೆಬ್ಬಾತಿನ ಹಾಗೆ ಒಂದು ಕೂಗು ಬಂತು. ಬೆಂಚಿನಿಂದ ಯಾರೋ ಕೆಮ್ಮಿದರು. ಕೌಕೊ ಕರವಸ್ತ್ರ ತೆಗೆದು ಬಾಯಿಗಿಟ್ಟುಕೊಂಡು, ಕೈ ಎತ್ತಿದ. ದೀಪ ಆರಿತು.

ಆಗ ಚಪ್ಪಾಳೆ ಹೊಡೆದರು. ಮುಗಿಯಿತಲ್ಲ ಎಂದು ಹೊಡೆದ ಹಾಗಿತ್ತು.

ಆಮೇಲೆ ಕಟ್ಟೆಯ ಮೆಟ್ಟಿಲಲ್ಲಿ ಕುಳಿತ. ಬಿಸಿ ಕಾಫಿ ಹಲ್ಲಿಗೆ ತಾಗದ ಹಾಗೆ ಕುಡಿಯುತ್ತಿದ್ದ. ಟಾವಿ ಬಂದು ಒಂದು ಮೆಟ್ಟಿಲು ಬಿಟ್ಟು ನಿಂತ. ಇಬ್ಬರೂ ಕೆರೆ ನೋಡಿದರು.

"ಆಲೂಗಡ್ಡೆ ಹೇಗಿದೆ?" ಕೌಕೊ ಕೇಳಿದ.

"ತಡ ಆಯ್ತು ಈ ಸಲ. ಮಣ್ಣು ಇನ್ನೂ ತಣ್ಣಗಿತ್ತು."

"ಹೂಂ."

ಟಾವಿ ಕಾರಿನ ಬೀಗದ ಕೈ ಹುಡುಕಿದ. ಹೊರಡುವ ಮುನ್ನ ಕೆರೆಯ ಕಡೆಗೇ ನೋಡುತ್ತ, "ಎರಡನೇದು ಚೆನ್ನಾಗಿತ್ತು," ಅಂದ. ಹೋದ.

ಆಗಸ್ಟಿನಲ್ಲಿ ಹಲ್ಲು ಕೀಳಿಸಿದ. ಅಕ್ಟೋಬರಿನಲ್ಲಿ ರೇಡಿಯೊದಲ್ಲಿ ಕೃತಿ ಬಂತು. ನಾಲ್ಕು ಭಾಗಗಳ ಕೃತಿ ಎಂದು ಹೇಳಿದರು. ಐದನೆಯದೊಂದಿತ್ತು ಎಂದು ಯಾರಿಗೂ ಗೊತ್ತಾಗಲಿಲ್ಲ. ಕೌಕೊ ಅಡುಗೆಮನೆಯಲ್ಲಿ ನಿಂತು ಕೇಳಿದ. ಹಿಮ ಕರಗಿ ಮುಗಿದ ಮೇಲೆ, ಎರಡನೆಯದು ಶುರುವಾಗುವ ಮುಂಚೆ, ಟೇಪಿನಲ್ಲಿ ಒಂದು ಸಣ್ಣ ಕಡಿತ ಕೇಳಿಸಿತು. ಗೊತ್ತಿದ್ದವರಿಗೆ ಮಾತ್ರ ಕೇಳಿಸುವಂಥದ್ದು.

ಅವನಿಗೆ ಬೇಕಾಗಿದ್ದದ್ದು ಆ ಕಡಿತದಲ್ಲಿತ್ತು. ಬಾಂಬ್ ಆಸರೆಯಲ್ಲಿ ಹೊಸ ಹಲ್ಲಿಟ್ಟುಕೊಂಡು ದಿನಾ ಪ್ರಯತ್ನಿಸಿದ್ದ. ಕೆಳಗಿನ ಸ್ವರಗಳು ಹೇಗೋ ಬರುತ್ತಿದ್ದವು, ಆದರೆ ಆ ಸಂಜೆಯ ಹಾಡು ಬರುತ್ತಿರಲಿಲ್ಲ. ಯಾವ ಸ್ವರದ ಮೇಲೆ ಹತ್ತಿದ್ದೆ, ಎಲ್ಲಿ ಇಳಿದಿದ್ದೆ, ಒಂದೂ ನೆನಪಿಲ್ಲ. ಸೀರಿಗೆ ಫೋನು ಮಾಡಿದ. "ನಾನು ನಿನ್ನ ಹಿಂದೆ ಓಡ್ತಿದ್ದೆ ಅಷ್ಟೇ ಗುರುವೇ. ಓಡೋರಿಗೆ ದಾರಿ ನೆನಪಿರುತ್ತಾ?" ಅಂದಳು. ವೆಸನಿಗೆ ಮಾಡಿದ. "ನೀನೇ ಕೈ ಎತ್ತಿದೆಯಲ್ಲ," ಅಂದ ವೆಸ.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಹಾಪಲಂಪಿಗೆ ಮಾಡಿದ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ನಂಬರು.

"ಹಿರ್ವಿಲಾ," ಅಂದಿತು ಆ ಕಡೆಯ ದನಿ.

"ಇಲ್ಲೂ ಹಿರ್ವಿಲಾನೇ."

ಆ ಕಡೆ ರೇಡಿಯೊ ಆರಿಸಿದ ಸದ್ದಾಯಿತು.

"ಯಾರು ಸತ್ರು?" ಟಾವಿ ಕೇಳಿದ.

"ಯಾರೂ ಇಲ್ಲ."

"ಮತ್ತೆ?"

"ಅವತ್ತಿನ ಎರಡನೇ ಹಾಡು. ನೆನಪಿದೆಯಾ?"

"ಇದೆ."

"ಹಾಡಿ ತೋರ್ಸು."

"ನಂಗೆ ಹಾಡೋಕೆ ಬಂದಿದ್ರೆ ಈ ಹಸುಗಳನ್ನ ನೀನು ನೋಡ್ಕೋಬೇಕಾಗ್ತಿತ್ತು."

"ಸ್ವಲ್ಪ ಗುನುಗು ಸಾಕು."

"ನಂಗೆ ಹಾಡು ನೆನಪಿಲ್ಲ ಕಣೋ. ಕಾಲಿಗೆ ನೆನಪಿದೆ."

"ಏನು?"

"ಕಾಲಿಗೆ ಅಂದೆ. ನೀನು ಕಿವಿಗೆ ತಾನೇ ನುಡಿಸೋನು. ತಡಿ."

ಫೋನು ಮೇಜಿನ ಮೇಲಿಟ್ಟ ಸದ್ದು. ಕುರ್ಚಿ ಎಳೆದ ಸದ್ದು. ಆಮೇಲೆ ಆ ಹಳೇ ಅಡುಗೆಮನೆಯ ಹಲಗೆಯ ಮೇಲೆ ಹೆಜ್ಜೆ ಬಿತ್ತು. ನಿಧಾನ, ನಿಧಾನ, ಬೇಗ ಬೇಗ, ತಡೆ. ಉಣ್ಣೆಯ ಕಾಲುಚೀಲದ ಉಜ್ಜು. ಒಲೆಯ ಹತ್ತಿರದ ಹಲಗೆ ಕಿರುಗುಟ್ಟಿತು. ಅದು ಅವರ ತಾಯಿಯ ಕಾಲದಲ್ಲೂ ಕಿರುಗುಟ್ಟುತ್ತಿತ್ತು. ಹೆಜ್ಜೆ ದೂರ ಹೋಯಿತು, ಕಿಟಕಿಯ ಕಡೆ ತಿರುಗಿರಬೇಕು. ಮತ್ತೆ ಹತ್ತಿರ ಬಂತು. ಒಂಟಿ ಮನುಷ್ಯನೊಬ್ಬ ತೋಳಿನಲ್ಲಿ ಯಾರೂ ಇಲ್ಲದೆ ಟ್ಯಾಂಗೋ ಕುಣಿಯುವ ಸದ್ದು ಹೀಗಿರುತ್ತದೆ ಎಂದು ಕೌಕೊನಿಗೆ ಅದುವರೆಗೆ ಗೊತ್ತಿರಲಿಲ್ಲ.

ಹಾಡು ನೆನಪಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಎಲ್ಲಿ ಉಸಿರು ತೆಗೆದುಕೊಂಡಿದ್ದೆ ಎನ್ನುವುದು ಮಾತ್ರ ನೆನಪಾಯಿತು.

ಹೆಜ್ಜೆ ನಿಂತಿತು. ಟಾವಿ ಫೋನು ಎತ್ತಿಕೊಂಡ. ಏದುಸಿರು ಬಿಡುತ್ತಿದ್ದ. ಚಳಿಗಾಲ ಹತ್ತಿರವಾಗಿ ಮಧ್ಯಾಹ್ನಕ್ಕೇ ಹೊರಗೆ ಕತ್ತಲಾಗುತ್ತಿತ್ತು. ಇಬ್ಬರೂ ಫೋನು ಹಿಡಿದುಕೊಂಡು, ಮೊದಲನೆಯದು ಮುಗಿದ ಮೇಲೆ ನೆಲದ ನಡುವೆ ನಿಂತವರ ಹಾಗೆ, ನಿಂತೇ ಇದ್ದರು.